ಬಣ್ಣ ಹಾಕದ ಹನ್ನೆರಡು ಗೊಂಬೆ, ನಮ್ಮನೆ ಬಸ್ ಸ್ಟ್ಯಾಂಡು

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಚನ್ನಪಟ್ಟಣದ ಮರದ ಗೊಂಬೆ, ಬಣ್ಣ ಹಾಕದೇ ಇರೋದು, ಒಟ್ಟು 12. ಒಂದೊಂದೂ ಮೂರೂವರೆ ಇಂಚು ಎತ್ತರ. ಒಂದಕ್ಕೆ 60 ರೂಪಾಯಿಯಂತೆ 720 ಆಗಬೇಕಿತ್ತು, ಚೌಕಾಸಿ ಮಾಡಿ 650ಕ್ಕೆ ಇಳಿಸಿದೆ. ಬಸ್ ಚಾರ್ಜು ನನ್ನದೊಬ್ಬನದೇ, ಹೆಂಡತಿಗೆ ಶಕ್ತಿ ಯೋಜನೆಯ ಝೀರೋ ಟಿಕೆಟ್. ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು ನಾನು. ವೇಬಿಲ್, ಅಂದರೆ ಟ್ರಿಪ್ಪಿನ ಲೆಕ್ಕದ ಹಾಳೆ, ಬರೆಯದೆ ಬಸ್ ಬಿಟ್ಟು ಅಭ್ಯಾಸ ಇಲ್ಲ.

ನಮ್ಮದು ಮೈಸೂರು. ಮನೆಯಲ್ಲಿ ದಸರಾಕ್ಕೆ ಪ್ರತಿ ವರ್ಷ ಗೊಂಬೆ ಕೂರಿಸುತ್ತೇವೆ. ಕೂರಿಸುತ್ತೇವೆ ಅಂದರೆ ಹೆಂಡತಿ ಕೂರಿಸುತ್ತಾಳೆ, ನಾನು ಅಟ್ಟದಿಂದ ಟ್ರಂಕು ಇಳಿಸಿಕೊಡುತ್ತೇನೆ. ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ, ರಾಜ ರಾಣಿ, ಮೇಲಿನ ಮೆಟ್ಟಿಲಲ್ಲಿ. ಕೆಳಗೆ ದಶಾವತಾರ, ಶೆಟ್ಟಿ ಅಂಗಡಿ, ಮದುವೆ ಮನೆ. ಹೋದ ವರ್ಷ ಮೂರನೇ ಕ್ಲಾಸಿನ ಮೊಮ್ಮಗಳು ಸುಮ್ನೆ ಕೂತಿದ್ದವಳು ಕೇಳಿದಳು, "ತಾತ, ಅಜ್ಜಿದು ಅರಮನೆ ಇದೆ. ನಿಂದೇನಿದೆ ಇಲ್ಲಿ?"

ನಂದೇನಿದೆ? ನಂದೊಂದು ಬಸ್ ಸ್ಟ್ಯಾಂಡು. ಅದನ್ನೇ ಮಾಡೋಣ ಅಂತ ಆಯಿತು.

ಆದರೆ ಆವತ್ತಿಗೆ ಕೈಲಿ ಇದ್ದದ್ದು ಆನ್‌ಲೈನಲ್ಲಿ ತರಿಸಿದ ಗೊಂಬೆಗಳು. ಕೆಂಪು, ಹಳದಿ, ಹಸಿರು, ಮುಖ ನೋಡಿಕೊಳ್ಳುವಷ್ಟು ಹೊಳಪು. ಅವಕ್ಕೆ ಖಾಕಿ ಅಂಗಿ ತೊಡಿಸೋಣ ಅಂತ ಹಳೇ ಪ್ಯಾಂಟಿನ ತುಂಡಿಗೆ ಫೆವಿಕಾಲ್ ಹಚ್ಚಿ ಅಂಟಿಸಿದೆ. ರಾತ್ರಿಯೆಲ್ಲ ಒಣಗಲು ಬಿಟ್ಟೆ. ಬೆಳಗ್ಗೆ ಅಂಗಿ ಇಡೀ ಸಿಪ್ಪೆ ಸುಲಿದ ಹಾಗೆ ಕೈಗೆ ಬಂತು. ಕೆಸುವಿನ ಎಲೆ ಮೇಲೆ ನೀರು ನಿಲ್ಲುತ್ತದೆಯೇ? ಹಾಗೆ. ಆಮೇಲೆ ಫೆವಿಕ್ವಿಕ್ ಹಾಕಿದೆ. ಹಿಡಿಯಿತು, ಆದರೆ ಸುತ್ತ ಬೂದಿ ಬಳಿದ ಹಾಗೆ ಬೆಳ್ಳಗಾಯಿತು, ಬಟ್ಟೆ ಹಪ್ಪಳದ ಥರ ಸೆಟೆದುಕೊಂಡಿತು. ಆ ಬಿಳಿ ಒರೆಸೋಣ ಅಂತ ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ತೆಗೆದು ಹತ್ತಿಗೆ ಹಾಕಿ ಉಜ್ಜಿದೆ. ಬಿಳಿ ಹೋಗಲಿಲ್ಲ. ಗೊಂಬೆಯ ಕೆಂಪು ಹತ್ತಿಗೆ ಬಂತು, ಗೊಂಬೆ ಕೈಗೆ ಅಂಟಿಕೊಂಡಿತು.

ಇದರಲ್ಲಿ ಗೊಂಬೆ ತಪ್ಪೇನೂ ಇಲ್ಲ. ತಪ್ಪು ನನ್ನದು. ಅದು ಯಾಕೆ ಅನ್ನೋದು ಚನ್ನಪಟ್ಟಣಕ್ಕೆ ಹೋದಾಗಲೇ ಗೊತ್ತಾಗಿದ್ದು.

ಈ ವರ್ಷ ಶ್ರಾವಣ ಮುಗಿಯುತ್ತಿದ್ದ ಹಾಗೆ ಹೊರಟೆವು. ಮೈಸೂರಿಂದ 80 ಕಿಲೋಮೀಟರ್ ಆಸುಪಾಸು. ಬಸ್ ನೋಡಿ ಹತ್ತಬೇಕು. 2023ರಲ್ಲಿ ಹೊಸ ದಶಪಥ ಆದ ಮೇಲೆ ಬೈಪಾಸಿನಲ್ಲಿ ಹೋಗುವ ಬಸ್ಸು ಊರೊಳಗೆ ಬರುವುದೇ ಇಲ್ಲ. ಊರೊಳಗೆ ಹೋಗುವ ಕೆಂಪು ಬಸ್ಸೇ ಬೇಕು. ನಾನು ಡ್ಯೂಟಿ ಮಾಡುವಾಗ ಹಳೇ ರಸ್ತೆಯ ಎರಡೂ ಕಡೆ ಗೊಂಬೆ ಅಂಗಡಿ, ತೂಗಾಡುವ ಮರದ ಕುದುರೆ, ನಿಂತ ಕಾರುಗಳ ಸಾಲು. ಈಗ ಅಂಗಡಿ ಇದೆ, ಕುದುರೆ ಇದೆ. ಕಾರು ಕಮ್ಮಿ. ಒಂದು ರೀತಿಯಲ್ಲಿ ನನಗೆ ಅನುಕೂಲವೇ ಆಯಿತು ಅನ್ನಿ. ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇತ್ತು.

ಅಂಗಡಿಯ ಹೆಸರು ಬರೆಯುವುದಿಲ್ಲ. ಒಂದೆರಡು ದೂರು ಹೇಳುವುದಿದೆ, ಅದಕ್ಕೇ. ಹಳೇ ಹೆದ್ದಾರಿ ಪಕ್ಕದ ಅಂಗಡಿ, ಹಿಂದೆ ಶೆಡ್ಡಿನಲ್ಲಿ ಎರಡು ಲೇತ್. ಮುಂದೆ ಮಗ ಕೂರುತ್ತಾರೆ, ಹಿಂದೆ ಅಪ್ಪ ಕೆಲಸ ಮಾಡುತ್ತಾರೆ.

"ಬಣ್ಣ ಹಾಕದೇ ಇರೋ ಗೊಂಬೆ ಕೊಡಿ" ಅಂದೆ.

ಮಗ ನನ್ನ ಮುಖ ನೋಡಿದರು. "ಬಣ್ಣ ಇಲ್ದೆ ಅದೇನ್ ಗೊಂಬೆ ಸಾರ್?"

"ಬಣ್ಣ ನಾವೇ ಹಾಕ್ತೀವಿ."

"ನಮ್ದೇ ಹಾಕಿರೋದು ಚೆನ್ನಾಗಿದೆಯಲ್ಲ ಸಾರ್. ಅರಗು. ಎಳೆ ಮಕ್ಳಿಗೂ ಕೊಡಬಹುದು."

ಒಳಗಿಂದ ಅಪ್ಪ ಕರೆದರು. ಹೋಗಿ ನಿಂತೆವು. ಲೇತಿಗೆ ಬಿಳಿ ಮರದ ತುಂಡು ಸಿಕ್ಕಿಸಿದ್ದರು. ಆಲೆ ಮರ. ಹಾಲಿನ ಕೆನೆ ಬಣ್ಣ, ಎಳೆ ಕಾಣದಷ್ಟು ನಯ. ಉಳಿ ತಾಗಿಸಿದರೆ ರಿಬ್ಬನ್ನಿನ ಹಾಗೆ ಸಿಪ್ಪೆ ಏಳುತ್ತದೆ. ತಲೆ, ಕುತ್ತಿಗೆ, ಹೊಟ್ಟೆ, ಎಲ್ಲ ಒಂದು ನಿಮಿಷದಲ್ಲಿ ಬಂತು. ಆಮೇಲೆ ತಿರುಗುತ್ತಿರುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಬಳಿದುಕೊಳ್ಳುತ್ತದೆ. ಅದರ ಮೇಲೆ ಒಣಗಿದ ಕೇದಗೆ ಗರಿ ಹಿಡಿದರು. ನೋಡ್ತಾ ನೋಡ್ತಾ ಕನ್ನಡಿ.

ಅಲ್ಲೇ ನನ್ನ ಅಂಗಿ ಸುಲಿದು ಬಂದ ಕಾರಣ ಅರ್ಥವಾಯಿತು. ಅರಗು ಮರದ ಬಾಯಿ ಮುಚ್ಚಿಬಿಡುತ್ತದೆ. ಫೆವಿಕಾಲ್ ಒಳಕ್ಕೆ ಇಳಿಯಬೇಕು, ಇಳಿಯೋಕೆ ಜಾಗವೇ ಇಲ್ಲ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಸ್ಯಾನಿಟೈಸರಿನಲ್ಲಿ ಇರೋದೇ ಸ್ಪಿರಿಟ್ಟು. ಹಾಗಾಗಿ ಅರಗಿನ ಗೊಂಬೆ ಇರುವವರು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಕು. ಸ್ಯಾನಿಟೈಸರ್, ಉಗುರು ಬಣ್ಣ ತೆಗೆಯುವ ನೀರು ಹತ್ತಿರ ತರಬೇಡಿ. ಬಿಸಿಲು ಬೀಳುವ ಕಿಟಕಿಯಲ್ಲೂ ಇಡಬೇಡಿ. ಅದು ಪೂರ್ತಿ ಮುಗಿದ ಗೊಂಬೆ. ಊಟ ಮುಗಿಸಿ ಎಲೆ ಮಡಚಿದವರಿಗೆ ಮತ್ತೆ ಬಡಿಸಲು ಹೋದ ಹಾಗಾಗಿತ್ತು ನನ್ನ ಕೆಲಸ.

ಅಪ್ಪ ಲೇತಿನಿಂದ ಅರಗು ಹಚ್ಚುವ ಮೊದಲೇ ಇಳಿಸಿದ ಹನ್ನೆರಡನ್ನು ಎತ್ತಿಕೊಟ್ಟರು. ಅರಗು ಹಾಕಿದ್ದು ಒಂದಕ್ಕೆ 90, ಹಾಕದ್ದು 60. ಅರ್ಧ ಕೆಲಸಕ್ಕೆ ಅರ್ಧ ದುಡ್ಡು ಅಲ್ವಾ ಅಂದೆ. "ಮರಾನೇ ದುಬಾರಿ ಸಾರ್, ಬಣ್ಣ ಅಲ್ಲ" ಅಂದರು. ಅದು ನಿಜ ಇರಬಹುದು. ಆದರೂ ಇನ್ನಷ್ಟು ಕಮ್ಮಿಗೆ ಕೊಡಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮನೆಗೆ ಬಂದು ಹನ್ನೆರಡನ್ನೂ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆವು. ಹತ್ತು ಸರಿಯಾಗಿ ನಿಂತವು. ಒಂದಕ್ಕೆ ತಳ ಸಮ ಇಲ್ಲ, ಪ್ಯಾಸೆಂಜರ್ ಜಾಸ್ತಿಯಾದ ಬಸ್ಸಿನ ಹಾಗೆ ಎಡಕ್ಕೆ ವಾಲುತ್ತದೆ. ಸ್ಯಾಂಡ್ ಪೇಪರನ್ನು ನೆಲದ ಮೇಲೆ ಹರಡಿ ಗೊಂಬೆಯನ್ನು ಅದರ ಮೇಲೆ ಸುತ್ತಿಸಿದೆ, ಸರಿಹೋಯಿತು. ಇನ್ನೊಂದಕ್ಕೆ ಕುತ್ತಿಗೆಯಿಂದ ಭುಜದವರೆಗೆ ಕೂದಲೆಳೆ ಬಿರುಕು. ಅಂಗಡಿಯಲ್ಲಿ ಕಾಣಲಿಲ್ಲ, ಅಥವಾ ನಾನು ನೋಡಲಿಲ್ಲ. ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. "ತಂದ್ಕೊಡಿ ಸಾರ್, ಬದಲಾಯಿಸಿಕೊಡ್ತೀವಿ" ಅಂದರು. ಕೊರಿಯರ್ ಮಾಡಲ್ಲವಂತೆ. 60 ರೂಪಾಯಿ ಗೊಂಬೆಗೆ 160 ಕಿಲೋಮೀಟರ್ ಓಡಾಟ.

ಈಗ ಕೆಲಸದ ವಿಷಯ. ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಗೊಂಬೆ ಬಿಟ್ಟು ಬೇರೇನೂ ಕೊಳ್ಳಬಾರದು. ಮನೆಯಲ್ಲಿ ಇರುವುದರಲ್ಲೇ ಆಗಬೇಕು. ನಿಯಮ ಮೊಮ್ಮಗಳದು, ಕಷ್ಟ ನನ್ನದು.

ಮೊದಲ ಕಷ್ಟ ಖಾಕಿ. ಬಟ್ಟೆ ಅಂಟಿಸಿದರೆ ಇಷ್ಟು ಚಿಕ್ಕ ಗೊಂಬೆಗೆ ಕಂಬಳಿ ಹೊದಿಸಿದ ಹಾಗೆ ಕಾಣುತ್ತದೆ. ಅದಕ್ಕೆ ಮರಕ್ಕೇ ಬಣ್ಣ ಹಿಡಿಸಬೇಕು. ಟೀ ಸೊಪ್ಪು ಚೆನ್ನಾಗಿ ಕುದಿಸಿ, ಹಾಲು ಸಕ್ಕರೆ ಇಲ್ಲದ ಕಡು ಡಿಕಾಕ್ಷನ್ ಮಾಡಿ ಬ್ರಷ್ಷಿನಲ್ಲಿ ಹಚ್ಚಿದೆ. ಬರೀ ಮರ ಎಷ್ಟು ಆಸೆಯಿಂದ ಕುಡಿಯಿತು ಅಂದರೆ, ಹಚ್ಚಿದ ಎರಡು ನಿಮಿಷಕ್ಕೆ ಒಣಗಿತ್ತು. ಎರಡು ಸಲ ಹಚ್ಚಿದ ಮೇಲೆ ತಿಳಿ ಕಂದು ಬಂತು, ಖಾಕಿ ಬರಲಿಲ್ಲ.

ಆಗ ನೆನಪಾಗಿದ್ದು ನಮ್ಮ ಡಿಪೋದ ಬಡಗಿ. ಬಸ್ ಸೀಟಿನ ಹಿಂಬದಿ ಹಲಗೆ ಹಾಕುವಾಗ ಹೊಸ ಮರವನ್ನು ಹಳೇ ಮರದ ಬಣ್ಣಕ್ಕೆ ತರಲು ತುಕ್ಕು ನೀರು ಹಚ್ಚುತ್ತಿದ್ದರು. ತುಕ್ಕು ಹಿಡಿದ ಮೊಳೆ ಒಂದು ಹಿಡಿ ಗಾಜಿನ ಬಾಟಲಿಗೆ ಹಾಕಿ, ಗೋಬಿ ಮಂಚೂರಿಗೆ ತಂದಿಟ್ಟ ವಿನೆಗರ್ ಸುರಿದೆ. ಮುಚ್ಚಳ ಬಿಗಿ ಮಾಡಬಾರದು, ಒಳಗೆ ಗಾಳಿ ಹುಟ್ಟುತ್ತದೆ. ನಾಲ್ಕು ದಿನ ಬಚ್ಚಲ ಮನೆ ಹಿಂದೆ ಇಟ್ಟೆ. ಹೆಂಡತಿ "ಇದೇನ್ರೀ ಗಬ್ಬು" ಅಂತ ನಾಲ್ಕೂ ದಿನ ಕೇಳಿದಳು. ಐದನೇ ದಿನ ಬಟ್ಟೆಯಲ್ಲಿ ಸೋಸಿದೆ. ಟೀ ಹಚ್ಚಿದ ಮರದ ಮೇಲೆ ಈ ನೀರು ತಾಗಿಸಿದರೆ ಕಣ್ಣೆದುರಿಗೇ ಬೂದು, ಆಮೇಲೆ ಕಪ್ಪು. ಟೀಯಲ್ಲಿರುವ ಒಗರಿಗೂ ಕಬ್ಬಿಣಕ್ಕೂ ಸೇರಿ ಆಗುವ ಕಪ್ಪು ಇದು. ಮೊದಲು ಟೀ ಹಚ್ಚದೇ ಇದ್ದರೆ ಆಲೆ ಮರದ ಮೇಲೆ ಅಷ್ಟು ಕಪ್ಪು ಬರುವುದಿಲ್ಲ, ಒಂದರ ತಳಕ್ಕೆ ಹಚ್ಚಿ ನೋಡಿದೆ.

ಮೊಮ್ಮಗಳು ಅದನ್ನು ಜಾದೂ ಅಂತಲೇ ನಂಬಿದಳು. ಗೊಂಬೆಗಳ ತಲೆಗೆ ಕೂದಲು ಅವಳೇ ಬಳಿದಳು. ಮುದುಕನ ಗೊಂಬೆಗೆ ಮಾತ್ರ ಬಳಿಯಲಿಲ್ಲ. ಖಾಕಿಗೆ ಒಂದು ಚಮಚ ಟೀಗೆ ಒಂದೇ ತೊಟ್ಟು ತುಕ್ಕು ನೀರು ಬೆರೆಸಿ ಹಚ್ಚಿದೆ. ಬಂತು. ಹೊಸ ಯೂನಿಫಾರಂ ಖಾಕಿ ಅಲ್ಲ, ವರ್ಷಗಟ್ಟಲೆ ಒಗೆದು ಮಾಸಿದ ಖಾಕಿ. ನನಗೆ ಅದೇ ಬೇಕಿತ್ತು. ಈ ನೀರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ನನ್ನ ಬನಿಯನ್ನಿನ ಮೇಲೆ ಸಾಕ್ಷಿ ಇದೆ. ಮಗು ಕೈಗೆ ಬ್ರಷ್ ಕೊಡುವಾಗ ಕೈಗವಸು ಹಾಕಿಸಿ, ಬಾಟಲಿ ನೀವೇ ಹಿಡಿದುಕೊಳ್ಳಿ.

ಹಳದಿ ಸೀರೆಗೆ ಅರಿಶಿನ ಹಚ್ಚಿದೆವು. ಮೊದಲ ದಿನ ಎಷ್ಟು ಚಂದ! ಆದರೆ ಅರಿಶಿನ ಬಿಸಿಲಿಗೆ ನಿಲ್ಲೋದಿಲ್ಲ. ಇನ್ನೊಂದು, ಸೋಪಿನ ಕೈಯಲ್ಲಿ ಮುಟ್ಟಿದರೆ ಕೆಂಪಗಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಓಕುಳಿ ಆಗುತ್ತದಲ್ಲ, ಅದೇ ಲೆಕ್ಕ. ಮೊಮ್ಮಗಳು ಕೈ ತೊಳೆದು ಸರಿಯಾಗಿ ಒರೆಸಿಕೊಳ್ಳದೆ ಹಿಡಿದ ಗೊಂಬೆಯ ಬೆನ್ನ ಮೇಲೆ ಐದು ಬೆರಳೂ ಮೂಡಿವೆ. ಅದನ್ನು ಹಾಗೇ ಬಿಟ್ಟಿದ್ದೇವೆ. ಬಸ್ಸಿನಲ್ಲಿ ನೂಕಾಟ ಇದ್ದೇ ಇರುತ್ತದೆ.

ಬಟ್ಟೆ ವಿಷಯಕ್ಕೆ ಹೆಂಡತಿಯೇ ಗುರು. ಪಟ್ಟದ ಗೊಂಬೆಗೆ ಅವಳು ಇಷ್ಟು ವರ್ಷ ಉಡಿಸಿದ್ದೆಲ್ಲ ಮನೆಯ ತುಂಡು ಬಟ್ಟೆಯೇ. ನಾನು ಆಸೆಪಟ್ಟದ್ದು ಅವಳ ಹಳೇ ಮೈಸೂರು ಸಿಲ್ಕ್ ಸೀರೆಯ ಅಂಚಿಗೆ. ಮಡಿಕೆಯಲ್ಲಿ ಹರಿದಿದೆ, ಉಡುವುದಿಲ್ಲ, ಆದರೂ ಕೊಡಲಿಲ್ಲ. "ಬಂಗಾರದ ಜರಿ ಅದು, ನಿಮ್ಮ ಬಸ್ ಸ್ಟ್ಯಾಂಡಿಗಲ್ಲ" ಅಂದಳು. ಹಳೇ ಜರಿ ಸೀರೆ ಕೊಳ್ಳುತ್ತೇವೆ ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವರಿಗೂ ಕೊಟ್ಟಿಲ್ಲ, ನನಗೆಲ್ಲಿ ಕೊಡುತ್ತಾಳೆ. ಕೊನೆಗೆ ಸಿಕ್ಕಿದ್ದು ಪಾಲಿಯೆಸ್ಟರ್ ಸೀರೆಯ ಸೆರಗು, ರವಿಕೆ ಹೊಲಿಸಿ ಮಿಕ್ಕ ಚೂರುಗಳು, ನನ್ನ ಲುಂಗಿ ಒಂದು.

ಅವಳು ಹೇಳಿಕೊಟ್ಟ ಒಂದು ಉಪಾಯ ಬರೆಯಲೇಬೇಕು. ತುಂಡು ಬಟ್ಟೆಗೆ ಮೊದಲು ಅನ್ನದ ಗಂಜಿ ಹಾಕಿ ಒಣಗಿಸಿ ಇಸ್ತ್ರಿ ಮಾಡಬೇಕು. ಆಮೇಲೆ ಕತ್ತರಿಸಿದರೆ ಎಳೆ ಬಿಡುವುದಿಲ್ಲ, ನೆರಿಗೆ ಹಿಡಿದ ಹಾಗೇ ನಿಲ್ಲುತ್ತದೆ. ಪಾಲಿಯೆಸ್ಟರ್ ಆದರೆ ಅಂಚಿಗೆ ಊದುಬತ್ತಿಯ ಕೆಂಡ ಸುಮ್ಮನೆ ಸವರಿದರೆ ಸಾಕು, ಕರಗಿ ಮುಚ್ಚಿಕೊಳ್ಳುತ್ತದೆ. ರೇಷ್ಮೆಗೆ ಹಾಗೆ ಮಾಡಿದರೆ ಕೂದಲು ಸುಟ್ಟ ವಾಸನೆ ಬಂದು ಕರಕಲಾಗುತ್ತದೆ. ಅಂಟಿಗೆ ಫೆವಿಕಾಲನ್ನು ನೀರು ಸೇರಿಸದೆ, ಬಟ್ಟೆಗೆ ಹಚ್ಚದೆ, ಮರಕ್ಕೆ ತೆಳ್ಳಗೆ ಹಚ್ಚಬೇಕು. ಬಟ್ಟೆಗೆ ಹಚ್ಚಿದರೆ ಆಚೆ ಕಡೆ ಕಲೆ ಮೂಡುತ್ತದೆ. ಬಣ್ಣ ಇಲ್ಲದ ಮರ ಅಲ್ವಾ, ಈ ಸಲ ಕಚ್ಚಿ ಹಿಡಿಯಿತು. ಒಂದು ರಾತ್ರಿ ಬಿಟ್ಟು ಬೆಳಗ್ಗೆ ಎಳೆದು ನೋಡಿದೆ, ಸೀರೆ ಹರಿಯಿತೇ ಹೊರತು ಬಿಟ್ಟು ಬರಲಿಲ್ಲ.

ಮೈದಾ ಅಂಟು ಸಾಲದೇ ಅಂತ ಕೇಳುವವರಿಗೆ ಒಂದು ಮಾತು. ಸಾಲುತ್ತದೆ, ಆದರೆ ಟ್ರಂಕಿನಲ್ಲಿ ವರ್ಷವಿಡೀ ಇಡುವ ಗೊಂಬೆಗೆ ಅದು ಜಿರಳೆಗೆ ಕೊಟ್ಟ ಆಹ್ವಾನ. ಹಿಂದೆ ಪುಸ್ತಕ ಬೈಂಡು ಮಾಡುವವರು ಮೈದಾಕ್ಕೆ ಮೈಲುತುತ್ತ ಸೇರಿಸುತ್ತಿದ್ದರು, ಹುಳ ಬರದಿರಲಿ ಅಂತ. ಮೈಲುತುತ್ತ ವಿಷ. ಮಕ್ಕಳು ಮುಟ್ಟುವ ಗೊಂಬೆಗೆ ಬೇಡವೇ ಬೇಡ.

ಗೊಂಬೆಗೆ ಕೊಬ್ಬರಿ ಎಣ್ಣೆ ಸವರಿದರೆ ಮರ ಚೆನ್ನಾಗಿರುತ್ತದೆ ಅಂತ ಯಾರೋ ಹೇಳಿದರು. ಒಂದಕ್ಕೆ ಸವರಿದೆ. ಆಮೇಲೆ ಅದಕ್ಕೆ ಟೀಯೂ ಹಿಡಿಯಲಿಲ್ಲ, ಅಂಟೂ ಹಿಡಿಯಲಿಲ್ಲ. ಎಣ್ಣೆ ಹಚ್ಚುವ ಆಸೆ ಇದ್ದವರು ಎಲ್ಲ ಮುಗಿದ ಮೇಲೆ ಹಚ್ಚಿ. ನಮ್ಮ ಎಣ್ಣೆ ಗೊಂಬೆ ಈಗ ಪೈಲ್ವಾನ. ಕೆಂಪು ರಿಬ್ಬನ್ನಿನ ಲಂಗೋಟಿ ದಾರದಲ್ಲಿ ಕಟ್ಟಿದ್ದೇವೆ. ದಸರಾ ಕುಸ್ತಿಗೆ ಬಂದವನು ಅಂತ ಲೆಕ್ಕ.

ಕಂಡಕ್ಟರ್ ಗೊಂಬೆಗೆ ನಾನು ಮೂರು ದಿನ ತೆಗೆದುಕೊಂಡೆ, ಒಪ್ಪಿಕೊಳ್ಳುತ್ತೇನೆ. ಹೆಗಲಿನ ಚೀಲ ನನ್ನ ಹಳೇ ಪರ್ಸಿನ ಚರ್ಮ. ಪಟ್ಟಿ ಹಳೇ ವಾಚಿನದು, ಉದ್ದಕ್ಕೆ ಸೀಳಿದ್ದು. ಬಾಯಲ್ಲಿ ವಿಷಲ್ಲು, ಅದು ರೀಫಿಲ್ ತುದಿಯ ಹಿತ್ತಾಳೆ. ಕೈಯಲ್ಲಿ ಟಿಕೆಟ್ ಮಷೀನು ಬೇಕು ಅಂದಳು ಮೊಮ್ಮಗಳು. ನನಗೆ ಟಿಕೆಟ್ ಟ್ರೇ ಬೇಕಿತ್ತು, ಒಂದೊಂದು ದರಕ್ಕೆ ಒಂದೊಂದು ಬಣ್ಣದ ಟಿಕೆಟ್ ಕಟ್ಟು ಇರುತ್ತಿತ್ತಲ್ಲ, ಅದು. ಮಷೀನು ಬಂದ ಮೇಲೆ ಟ್ರೇ ಹೋಯಿತು. ಕೊನೆಗೆ ನನ್ನ ಮಾತು ನಡೆಯಿತು. ಬೆಂಕಿಪೊಟ್ಟಣದ ಒಳಗಿನ ಡ್ರಾಯರ್ ಕತ್ತರಿಸಿ, ಅದರಲ್ಲಿ ಮದುವೆ ಕಾಗದಗಳ ಬಣ್ಣ ಬಣ್ಣದ ಚೂರು ನಿಲ್ಲಿಸಿ ಟ್ರೇ ಮಾಡಿದೆ. ನಾವು ಚನ್ನಪಟ್ಟಣಕ್ಕೆ ಹೋದ ಟಿಕೆಟ್ಟನ್ನೂ ಅಂಟಿಸೋಣ ಅಂತ ಇಟ್ಟುಕೊಂಡಿದ್ದೆ. ಅದು ಥರ್ಮಲ್ ಪೇಪರ್. ಕಿಟಕಿ ಹತ್ತಿರ ಇಟ್ಟಿದ್ದಕ್ಕೆ ಅಕ್ಷರ ಅಳಿಸಿ ಬಿಳಿ ಚೀಟಿ ಉಳಿದಿತ್ತು. ಹಳೇ ಕಾಲದ ಟಿಕೆಟ್ ಪುಸ್ತಕದೊಳಗೆ ಇಟ್ಟರೆ ಎಷ್ಟು ವರ್ಷ ಆದರೂ ಹಾಗೇ ಇರುತ್ತಿತ್ತು. ಇರಲಿ.

ಬಸ್ಸು ಕೊಂಡಿದ್ದಲ್ಲ. ನನ್ನ ಮಗ ಚಿಕ್ಕವನಿದ್ದಾಗ ಆಡಿದ ಪ್ಲಾಸ್ಟಿಕ್ ಬಸ್ಸು ಅಟ್ಟದಲ್ಲಿತ್ತು. ಚಕ್ರ ಎರಡೇ ಉಳಿದಿದ್ದವು, ಅವನ್ನೂ ಕಿತ್ತೆ. ನಾಲ್ಕು ಕೆಮ್ಮಿನ ಸಿರಪ್ ಮುಚ್ಚಳ ಚಕ್ರವಾಯಿತು. ಮುರಿದ ಕೊಡೆಯ ಕಡ್ಡಿ ಆಕ್ಸಲ್. ಮುಚ್ಚಳಕ್ಕೆ ಮೊಳೆ ಕಾಯಿಸಿ ತೂತು ಮಾಡಿ ಕಡ್ಡಿ ತೂರಿಸಿದರೆ ಚಕ್ರ ಓಲಾಡುತ್ತದೆ, ತಿರುಗುವುದಿಲ್ಲ. ಒಂದು ದಿನ ಇದರಲ್ಲೇ ಹೋಯಿತು. ಆಮೇಲೆ ಖಾಲಿ ರೀಫಿಲ್ ಕೊಳವೆಯನ್ನು ಬಸ್ಸಿನ ತಳಕ್ಕೆ ಎಂ ಸೀಲ್‌ನಲ್ಲಿ ಕೂರಿಸಿ, ಅದರೊಳಗೆ ಕಡ್ಡಿ ಬಿಟ್ಟೆ. ಕೊಳವೆ ಬುಷ್ ಆಯಿತು. ಈಗ ತಳ್ಳಿದರೆ ಹಾಲಿನಿಂದ ಅಡುಗೆ ಮನೆ ಹೊಸ್ತಿಲವರೆಗೆ ಓಡುತ್ತದೆ. ಮೇಲಿನ ಕ್ಯಾರಿಯರ್ ಹಲ್ಲು ಮುರಿದ ಬಾಚಣಿಗೆ, ಸ್ಟೀರಿಂಗು ಕೋಟಿನ ಗುಂಡಿ. ಕೆಂಪು ಬಣ್ಣ ಮಾತ್ರ ಒಂದು ಸಲ ಹಪ್ಪಳ ಎದ್ದಿತು. ಪ್ಲಾಸ್ಟಿಕ್ಕನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮಂಕು ಮಾಡಿಯೇ ಬಣ್ಣ ಹಚ್ಚಬೇಕು, ನಾನು ಅವಸರ ಮಾಡಿದ್ದೆ. ಬಣ್ಣ ಗೇಟಿಗೆ ಹಚ್ಚಿ ಮಿಕ್ಕಿದ್ದು, ನಿಯಮ ಮುರಿದಿಲ್ಲ.

ಸ್ಟ್ಯಾಂಡಿನ ಶೀಟಿನ ಚಾವಣಿ ನೋಡಿ ಬಂದವರೆಲ್ಲ ಕೇಳಿದರು. ತುಂಬ ಸುಲಭ. ಮಿಕ್ಸಿ ಬಂದ ರಟ್ಟಿನ ಡಬ್ಬದ ಒಂದು ಪದರ ಒದ್ದೆ ಮಾಡಿ ಸುಲಿದರೆ ಒಳಗೆ ಅಲೆ ಅಲೆ ರಟ್ಟು ಇರುತ್ತದೆ. ಒಣಗಿಸಿ ತುಕ್ಕು ನೀರು ಹಚ್ಚಿದೆ. ಕಂಬ ನೂಲಿನ ಖಾಲಿ ರೀಲು, ಬೆಂಚು ಐಸ್‌ಕ್ರೀಂ ಕಡ್ಡಿ.

ಮದ್ದೂರು ವಡೆ ಮಾರುವವನನ್ನು ಬಿಟ್ಟರೆ ಆ ರೂಟಿಗೆ ಅರ್ಥ ಇಲ್ಲ. ಅವನ ತಲೆ ಮೇಲಿನ ತಟ್ಟೆ ಸೋಡಾ ಬಾಟಲಿ ಮುಚ್ಚಳ. ವಡೆಗೆ ಮಿಕ್ಕ ಎಂ ಸೀಲ್ ಚೂರನ್ನು ಉಂಡೆ ಮಾಡಿ ಚಪ್ಪಟೆ ತಟ್ಟಿ, ಹಸಿ ಇರುವಾಗಲೇ ಟೀ ಪುಡಿಯಲ್ಲಿ ಹೊರಳಿಸಿದೆ. ಈರುಳ್ಳಿ ಕರಕಲಾದ ಹಾಗೆಯೇ ಕಾಣುತ್ತದೆ. ಎಷ್ಟು ಚೆನ್ನಾಗಿ ಬಂತೆಂದರೆ ಅದೇ ತೊಂದರೆಯಾಯಿತು. ಎರಡನೇ ಮಗಳ ಮಗು, ಒಂದೂವರೆ ವರ್ಷದ್ದು, ತಟ್ಟೆಗೆ ಕೈ ಹಾಕಿ ಒಂದನ್ನು ಬಾಯಿಗೆ ಇಟ್ಟುಕೊಂಡಿತ್ತು. ಹೆಂಡತಿ ನೋಡಿ ತೆಗೆದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2021ರ ಜನವರಿಯಿಂದ ನಮ್ಮಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಚನ್ನಪಟ್ಟಣದ ಗೊಂಬೆಯಲ್ಲಿ ಆ ಗುರುತು ಕಾಣಲಿಲ್ಲ ಅಂತ ಗಾಬರಿ ಬೇಡ. ನೋಂದಣಿ ಆದ ಕರಕುಶಲಗಾರರು ಮಾಡಿದ್ದಕ್ಕೂ ಜಿಐ, ಅಂದರೆ ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತು, ಇರುವ ಆಟಿಕೆಗೂ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಅವರು ಕೊಟ್ಟಾಗ ಅದು ಒಂದೇ ಮರದ ತುಂಡು. ನಾನು ಗುಂಡಿ, ಹಿತ್ತಾಳೆ, ವಡೆ ಅಂತ ಅಂಟಿಸಿದ ಮೇಲೆ ಅದು ಬೇರೆಯೇ ವಸ್ತು. ಆ ಜವಾಬ್ದಾರಿ ನಂದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ 31.7 ಮಿಲಿಮೀಟರ್ ಅಗಲದ ಕೊಳವೆ ಇಡುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಚೂರು ಮಗುವಿನ ಗಂಟಲಿಗೂ ಇಳಿಯುತ್ತದೆ ಅಂತ ಲೆಕ್ಕ. ಮನೆಯಲ್ಲಿ ಆ ಕೊಳವೆ ಎಲ್ಲಿ ತರೋಣ? ದಪ್ಪ ಸೆಲ್ ಹಾಕುವ ಹಳೇ ಎವರೆಡಿ ಟಾರ್ಚ್ ಇದ್ದರೆ ಅದರ ಹೊಟ್ಟೆ ಇದಕ್ಕಿಂತ ಚೂರು ಅಗಲ. ಅದರೊಳಗೆ ಬೀಳುವ ಯಾವುದೂ ಕೂಸಿನ ಕೈಗೆ ಸಿಗಬಾರದು ಅಂತ ಈಗ ನಮ್ಮ ಮನೆ ಕಾನೂನು. ವಡೆಗಳನ್ನು ತಟ್ಟೆಗೆ ಎಂ ಸೀಲ್‌ನಲ್ಲೇ ಬಿಗಿದೆ, ಬಸ್ ಸ್ಟ್ಯಾಂಡನ್ನು ಎರಡು ಮೆಟ್ಟಿಲು ಮೇಲಕ್ಕೆ ಹತ್ತಿಸಿದೆ. ಬಸ್ಸಿಗೆ ಲೈಟ್ ಹಾಕಲು ಹಾಡುವ ಗ್ರೀಟಿಂಗ್ ಕಾರ್ಡಿನ ಗುಂಡಿ ಸೆಲ್ ತೆಗೆದಿಟ್ಟಿದ್ದೆ. ಅದನ್ನು ಆವತ್ತೇ ಮನೆಯಿಂದ ಆಚೆ ಕಳಿಸಿದೆ. ಮಕ್ಕಳು ಅದನ್ನು ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ಬಸ್ಸಿಗೆ ಲೈಟ್ ಇಲ್ಲ. ಹಗಲು ಟ್ರಿಪ್ಪು ಮಾತ್ರ.

ದಸರಾದ ಹತ್ತೂ ದಿನ ಬೀದಿ ಮಕ್ಕಳು "ಗೊಂಬೆ ಕೂರ್ಸಿದ್ದೀರಾ?" ಅಂತ ಬಂದರು. ಬೊಂಬೆ ಬಾಗಿನದ ತಿಂಡಿ ಇಸಕೊಂಡು ಓಡುತ್ತಿದ್ದವರು ಈ ಸಲ ಬಸ್ ಸ್ಟ್ಯಾಂಡಿನ ಮುಂದೆ ನಿಂತರು. ಒಬ್ಬ ಹುಡುಗ ಕಂಡಕ್ಟರ್ ಗೊಂಬೆಯ ಕೈಗೆ ನಿಜವಾದ ಒಂದು ರೂಪಾಯಿ ಇಟ್ಟು ಟಿಕೆಟ್ ಕೇಳಿದ. ನಾನು ಮದುವೆ ಕಾಗದದ ಚೂರೊಂದನ್ನು ಹರಿದು ಕೊಟ್ಟು, ಅದರ ಹಿಂದೆ "50 ಪೈಸೆ ಬಾಕಿ" ಅಂತ ಬರೆದೆ. ಮಾರನೇ ದಿನ ಅವನು ಚೀಟಿ ಹಿಡಿದುಕೊಂಡು ಬಾಕಿ ಕೇಳಲು ಬಂದ. ಚಿಲ್ಲರೆ ಕೊಡದೆ ಜೀವಮಾನವಿಡೀ ಬೈಸಿಕೊಂಡಿದ್ದೇನೆ, ಇದೊಂದು ಬೇರೆ. ಚಕ್ಕುಲಿ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆ.

ಹಾಗಾದರೆ ಕೊಳ್ಳಬಹುದೇ? ಗೊಂಬೆಯನ್ನು ಕೂಸಿಗೆ ಕೊಡುವುದಾದರೆ ಅರಗು ಹಾಕಿದ್ದನ್ನೇ ಕೊಳ್ಳಿ, ಅದಕ್ಕೆ ಏನೂ ಅಂಟಿಸಬೇಡಿ. ಆರೇಳು ವರ್ಷದ ಮಕ್ಕಳ ಜೊತೆ ಕೂತು ಏನಾದರೂ ಮಾಡುವ ಆಸೆ ಇದ್ದರೆ ಬಣ್ಣ ಹಾಕದ್ದನ್ನು ಕೇಳಿ. ಹೊರಗೆ ಜೋಡಿಸಿ ಇಟ್ಟಿರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಲೇತ್ ಇರುವ ಅಂಗಡಿಯೇ ಆಗಬೇಕು. ತಂದು ಮಾರುವ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ಕುತ್ತಿಗೆ ನೋಡಿ, ಗಾಜಿನ ಕೌಂಟರ್ ಮೇಲೆ ನಿಲ್ಲಿಸಿ ತಳ ನೋಡಿ. ನಾನು ನೋಡದೆ ಕೆಟ್ಟೆ.

ಆ ಬಿರುಕಿನ ಗೊಂಬೆಗೆ ಮೊಮ್ಮಗಳು ಪ್ರಥಮ ಚಿಕಿತ್ಸೆ ಡಬ್ಬಿಯ ಬ್ಯಾಂಡೇಜ್ ಬಟ್ಟೆ ಸುತ್ತಿದ್ದಾಳೆ. ಕೆ.ಆರ್. ಆಸ್ಪತ್ರೆಗೆ ಹೊರಟ ಪ್ಯಾಸೆಂಜರಂತೆ. ಹಬ್ಬ ಮುಗಿದು ಎಲ್ಲವನ್ನೂ ಹಳೇ ಪೇಪರಿನಲ್ಲಿ ಸುತ್ತಿ ಟ್ರಂಕಿಗೆ ಇಡುವಾಗ, ಮುಂದಿನ ವಾರ ಆ ಕಡೆ ಹೋಗುವುದಿದೆ, ಬಿರುಕಿನದನ್ನು ಕೊಟ್ಟು ಬೇರೆ ತರುತ್ತೇನೆ ಅಂತ ಎತ್ತಿಟ್ಟೆ. ಅವಳು ಬಂದು ನನ್ನ ಕೈಯಿಂದ ಕಿತ್ತುಕೊಂಡಳು.

"ಬದಲಾಯಿಸೋಕಾಗಲ್ಲ ತಾತ. ಇವನಿಗೆ ಟಿಕೆಟ್ ಕೊಟ್ಟಾಗಿದೆ."